ಹೆಂಗಸರಿಗೆ ಹಾಸ್ಯ ಬಾರದೆ?

ಹೋದ ವರ್ಷ ನಮ್ಮ ಕಾಲೇಜಿನ ಕನ್ನಡ ಸಂಘದ ಆಶ್ರಯದಲ್ಲಿ ಒಂದು ವಿನೋದ ಭಾಷಣ ಸ್ಪರ್ಧೆ ಏರ್ಪಟ್ಟಿದ್ದುದು ಸಹಪಾಠಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಹೆಸರು ಕೊಟ್ಟವರು ಒಂಬತ್ತು ಮಂದಿ. ಅವರಲ್ಲಿ ಎಂಟು ಮಂದಿ ಹುಡುಗರು. ಒಂಬತ್ತನೆಯವಳು ನಾನು. ನನಗೆ ಬಹುಮಾನ ಬರಲಿಲ್ಲ. ಬಹುಮಾನ ಬಾರದವರು ಬರೆಯುವ ಲೇಖನಗಳಲ್ಲಿ ಹೊಟ್ಟೆಕಿಚ್ಚಿನ ವಾಸನೆ ಇರುತ್ತದೆಂಬುದನ್ನು ನಾನು ಬಲ್ಲೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಬಹುಮಾನ ಪಡೆದವರು ಅದಕ್ಕೆ ಅರ್ಹರೇ ಆಗಿದ್ದರು, ಅವರ ಮಾತಿಗೆ ನಾನೂ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದೆ. ನನ್ನನ್ನು ಈ ಬರವಣಿಗೆಗೆ ಹಚ್ಚಿದ್ದು ತೀರ್ಪುಗಾರರಾಗಿ ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು ಸಮಾರೋಪದಲ್ಲಿ ಆಡಿದ ಎರಡು ಮಾತು. “ಒಬ್ಬ ವಿದ್ಯಾರ್ಥಿನಿಯೂ ಧೈರ್ಯಮಾಡಿ ಬಂದದ್ದು ಸಂತೋಷ. ಆದರೆ ಹಾಸ್ಯ ಹೆಣ್ಣುಮಕ್ಕಳ ಪ್ರಕೃತಿಗೆ ಒಗ್ಗುವುದಿಲ್ಲ. ಅವರು ಭಾವಗೀತೆ ಹಾಡಿದರೆ ಎಷ್ಟು ಚೆನ್ನ!” ಎಂದರು ಅವರು. ಸಭೆ ಚಪ್ಪಾಳೆ ತಟ್ಟಿತು. ಅಭ್ಯಾಸಬಲದಿಂದ ನಾನೂ ತಟ್ಟಿದೆ.

ಅಂದು ನಾನು ಹೇಳಿದ್ದು ನಮ್ಮ ಅಜ್ಜಿಯಿಂದ ಕೇಳಿದ ಒಂದು ಕಥೆ. ಮುಂದಿನ ವಾದವೆಲ್ಲ ಅದರ ಮೇಲೆಯೇ ನಿಂತಿರುವುದರಿಂದ ಇಲ್ಲಿ ಮತ್ತೊಮ್ಮೆ ಹೇಳಬೇಕಾಗಿದೆ.

ನಮ್ಮ ತಾತ ಮಾಧ್ಯಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ನಡುಮನೆಯ ಗೋಡೆಯ ಮೇಲೆ ಅವರದೊಂದು ಲೋಲಕದ ಗಡಿಯಾರ. ಅದಕ್ಕೆ ಪ್ರತಿ ಶನಿವಾರ ರಾತ್ರಿ ಕೀಲಿ ಕೊಡುವ ಹಕ್ಕು ಅವರೊಬ್ಬರದೇ. ಒಮ್ಮೆ ಪಕ್ಕದ ಮನೆಯವರು ಆಕಾಶವಾಣಿಯ ವೇಳೆಗೂ ಈ ಗಡಿಯಾರಕ್ಕೂ ಐದು ನಿಮಿಷದ ಅಂತರವಿದೆಯೆಂದು ಹೇಳಿದಾಗ, “ಹಾಗಾದರೆ ಆಕಾಶವಾಣಿಯವರಿಗೆ ಒಂದು ಕಾಗದ ಬರೆಯಬೇಕು” ಎಂದವರು ಅವರು. ಭಾನುವಾರ ಅವರಿಗೆ ಹನ್ನೊಂದಕ್ಕೆ ಊಟ. ಹನ್ನೊಂದಕ್ಕೆ ಐದು ನಿಮಿಷ ಮುಂಚೆ ಎಲೆ ಹಾಕಿದರೂ ತಪ್ಪು, ಐದು ನಿಮಿಷ ತಡವಾದರೂ ತಪ್ಪು. ಮೂವತ್ತು ವರ್ಷ ಅಜ್ಜಿ ಆ ಗಡಿಯಾರಕ್ಕೆ ಅಡುಗೆ ಮಾಡಿದರೇ ಹೊರತು ತಾತನಿಗಲ್ಲ.

ಒಂದು ಶನಿವಾರ ತಾತ ಕೀಲಿ ಕೊಡುವುದನ್ನು ಮರೆತರು. ಭಾನುವಾರ ಗಡಿಯಾರ ಹತ್ತೂ ನಲವತ್ತಕ್ಕೆ ನಿಂತಿತು. ಅಜ್ಜಿ ನೋಡಿದರು; ಏನೂ ಹೇಳಲಿಲ್ಲ. ಮಕ್ಕಳಿಗೆ ಹಿತ್ತಲ ಕಟ್ಟೆಯ ಮೇಲೆ ಬಡಿಸಿ ಆಡಲು ಕಳುಹಿಸಿದರು. ತಾತ ಪತ್ರಿಕೆಯನ್ನು ಒಂದು ಸಲ ಓದಿದರು, ಎರಡು ಸಲ ಓದಿದರು, ಕೊನೆಗೆ ಹರಾಜಿನ ಪ್ರಕಟಣೆಗಳನ್ನೂ ಓದಿದರು. ಒಳಗಿನಿಂದ ಹುಳಿಯ ಪರಿಮಳ ಬರುತ್ತಿದೆ. ಗಡಿಯಾರದಲ್ಲಿ ಹತ್ತೂ ನಲವತ್ತು. ಬೀದಿಯಲ್ಲಿ ಬಿಸಿಲು ನೆತ್ತಿಯಿಂದ ಇಳಿದಿದೆ. ಗಡಿಯಾರದಲ್ಲಿ ಹತ್ತೂ ನಲವತ್ತು. “ಅಡುಗೆ ಆಗಿಲ್ಲವೇನೆ?” ಎಂದು ಕೂಗಿದರು. “ಆಗಿ ಬಹಳ ಹೊತ್ತಾಯಿತು. ಆದರೆ ತಮಗೆ ಹನ್ನೊಂದಕ್ಕೆ ಮುಂಚೆ ಬಡಿಸಿದರೆ ಸೇರುವುದಿಲ್ಲವಲ್ಲ” ಎಂದು ಅಜ್ಜಿ ಒಳಗಿನಿಂದಲೇ ವಿನಯವಾಗಿ ಹೇಳಿದರು. ತಾತ ಗಡಿಯಾರವನ್ನು ನೋಡಿದರು. ಅದು ನಿಂತಿದೆಯೆಂದರೆ ತಾವು ಕೀಲಿ ಮರೆತದ್ದನ್ನು ಒಪ್ಪಬೇಕು, ನಿಂತಿಲ್ಲವೆಂದರೆ ಉಪವಾಸವಿರಬೇಕು. ಎರಡು ಗಂಟೆಯ ಸುಮಾರಿಗೆ ಅವರು ಪತ್ರಿಕೆ ಮಡಿಸಿಟ್ಟು, ತುಂಬ ಉದಾರವಾದ ಧ್ವನಿಯಲ್ಲಿ, “ಇರಲಿ, ಇವತ್ತೊಂದು ದಿನ ಇಪ್ಪತ್ತು ನಿಮಿಷ ಮುಂಚೆಯೇ ಬಡಿಸು” ಎಂದರಂತೆ.

ಈ ಕಥೆಯನ್ನು ಅಜ್ಜಿ ಅಡುಗೆಮನೆಯಲ್ಲಿ ಹೇಳಿದಾಗ ನಮ್ಮ ಅತ್ತೆ, ಚಿಕ್ಕಮ್ಮ, ನೆರೆಮನೆಯವರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದೇ ಕಥೆಯನ್ನು ನಾನು ಸಭಾಂಗಣದಲ್ಲಿ ಹೇಳಿದಾಗ ಹಿಂದಿನ ಎರಡು ಸಾಲಿನಲ್ಲಿದ್ದ ಹುಡುಗಿಯರು ದುಪ್ಪಟ್ಟದ ಮರೆಯಲ್ಲಿ ನಕ್ಕರು. ಉಳಿದ ಸಭೆ ಸಭ್ಯವಾಗಿ ಸುಮ್ಮನಿತ್ತು. ನಾನು ಹೇಳುವುದರಲ್ಲಿ ದೋಷವಿದ್ದಿರಬೇಕೆಂದು ಭಾವಿಸಿದೆ, ಇದ್ದೀತು ಕೂಡ. ಆದರೆ ಒಂದು ತಿಂಗಳ ಮೇಲೆ ವಾರ್ಷಿಕೋತ್ಸವದ ವಿವಿಧ ವಿನೋದಾವಳಿಯಲ್ಲಿ ಸಹಪಾಠಿಯೊಬ್ಬ ಇದೇ ಗಡಿಯಾರದ ಕಥೆಯನ್ನು ‘ನಮ್ಮೂರಿನ ಒಬ್ಬ ಮೇಷ್ಟ್ರು’ ಎಂದು ಆರಂಭಿಸಿ ಹೇಳಿದ. ಸಭಾಂಗಣದ ತಗಡಿನ ಮಾಡು ಹಾರಿಹೋಗುವಂತೆ ಜನ ನಕ್ಕರು. ಆಮೇಲೆ ಕೇಳಿದರೆ, ಕಥೆಯನ್ನು ಎಲ್ಲಿ ಕೇಳಿದೆನೆಂಬುದು ತನಗೆ ನೆನಪಿಲ್ಲವೆಂದ. ಅವನು ಸುಳ್ಳಾಡುವವನಲ್ಲ. ಅದೇ ನನಗೆ ಸೋಜಿಗವಾದದ್ದು. ಈಗ ಹಾಸ್ಟೆಲಿನಲ್ಲಿ ಆ ಕಥೆಯನ್ನು ಹೇಳುವವರೆಲ್ಲ, ಆ ಹಿಂದಿನ ಸಾಲಿನ ಹುಡುಗಿಯರೂ ಸೇರಿ, ಅದು ಅವನದೆಂದೇ ಹೇಳುತ್ತಾರೆ.

ಅಂದಿನಿಂದ ನಾನು ಗ್ರಂಥಾಲಯದಲ್ಲಿ ಈ ವಿಷಯವನ್ನು ಹುಡುಕಿಕೊಂಡು ಓದತೊಡಗಿದೆ. ಹೆಂಗಸರಿಗೆ ನಗೆ ತಿಳಿಯದೆಂಬ ಮಾತು ಆ ಹಿರಿಯರ ಸ್ವಂತ ಶೋಧವಲ್ಲವೆಂದು ಬೇಗ ತಿಳಿಯಿತು. ಇಂಗ್ಲಿಷ್ ನಾಟಕಕಾರ ಕಾಂಗ್ರೀವ್ 1695ರ ತನ್ನ ಪತ್ರವೊಂದರಲ್ಲಿ, ಸ್ತ್ರೀಯರಲ್ಲಿ ನಿಜವಾದ ಹಾಸ್ಯವನ್ನು ತಾನು ಕಂಡೇ ಇಲ್ಲವೆಂದು ಬರೆದಿದ್ದಾನೆ. ಆ ಪದಕ್ಕೆ ಆಗ ವಿಲಕ್ಷಣ ಸ್ವಭಾವವೆಂಬ ಅರ್ಥವೂ ಇತ್ತೆಂಬುದನ್ನು ಇಂಗ್ಲಿಷ್ ಅಧ್ಯಾಪಕರು ಬಲ್ಲರು. ಆದರೆ ಅವನು ಕೊಡುವ ಕಾರಣ ಗಮನಾರ್ಹ. ಅವರ ಭಾವಾವೇಗ ಅತಿಯಾಗಿರಬಹುದು, ಇಲ್ಲವೇ ಅವರ ಸ್ವಭಾವವೇ ತಣ್ಣಗಿರಬಹುದು ಎನ್ನುತ್ತಾನೆ. ಒಲೆ ಬಿಸಿಯಾಗಿದ್ದರಿಂದಲೋ ತಣ್ಣಗಿದ್ದರಿಂದಲೋ ಅನ್ನ ಬೇಯಲಿಲ್ಲವೆಂದಂತೆ. ಮುನ್ನೂರು ವರ್ಷ ಕಳೆದರೂ ಮಾತು ಮುಗಿಯಲಿಲ್ಲ. 2007ರ ಜನವರಿಯಲ್ಲಿ ‘ವ್ಯಾನಿಟಿ ಫೇರ್’ ಎಂಬ ಅಮೆರಿಕದ ಪತ್ರಿಕೆಯಲ್ಲಿ ಕ್ರಿಸ್ಟೊಫರ್ ಹಿಚಿನ್ಸ್ ಎಂಬ ಪ್ರಸಿದ್ಧ ಲೇಖಕರು, ಹೆಣ್ಣನ್ನು ಮೆಚ್ಚಿಸಲು ಗಂಡಿಗೆ ಹಾಸ್ಯ ಬೇಕಾಯಿತು, ಗಂಡನ್ನು ಮೆಚ್ಚಿಸಲು ಹೆಣ್ಣಿಗೆ ಅದರ ಅಗತ್ಯವೇ ಬೀಳಲಿಲ್ಲ ಎಂಬ ಅರ್ಥದಲ್ಲಿ ವಾದಿಸಿದರು. ಈ ಇಬ್ಬರ ನಡುವೆ 1813ರಲ್ಲಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಪ್ರಕಟಿಸಿದ ಜೇನ್ ಆಸ್ಟೆನ್ ಎಂಬ ಮಹಿಳೆಯೊಬ್ಬಳಿದ್ದಳೆಂಬುದನ್ನು ಸದ್ಯಕ್ಕೆ ಬದಿಗಿಡೋಣ.

ಪಶ್ಚಿಮದಲ್ಲಿ ಹೀಗಾದರೆ, ನಮ್ಮಲ್ಲಿ ದೂರು ತದ್ವಿರುದ್ಧವಾದದ್ದು! ಭರತಮುನಿಯ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವನ್ನು ನಮ್ಮ ಸಂಸ್ಕೃತ ಅಧ್ಯಾಪಕರ ನೆರವಿನಿಂದ ಓದಿದೆ. ಹಾಸ್ಯರಸವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಸ್ತ್ರೀಯರಲ್ಲಿಯೂ ನೀಚಪ್ರಕೃತಿಯವರಲ್ಲಿಯೂ ಎಂದು ಅಲ್ಲಿ ಹೇಳಿದೆ. ನಗೆಯಲ್ಲಿ ಆರು ಬಗೆ: ಸ್ಮಿತ, ಹಸಿತಗಳು ಉತ್ತಮರಿಗೆ, ವಿಹಸಿತ, ಉಪಹಸಿತಗಳು ಮಧ್ಯಮರಿಗೆ, ಅಪಹಸಿತ, ಅತಿಹಸಿತಗಳು ಅಧಮರಿಗೆ. ಹಲ್ಲು ಕಾಣದಂತೆ ನಗುವವನು ದೊಡ್ಡವನು, ಕಣ್ಣೀರು ಬರುವಂತೆ ನಗುವವನು ಚಿಕ್ಕವನು. ಈ ಲೆಕ್ಕದಲ್ಲಿ ನಮ್ಮ ಅಡುಗೆಮನೆ ಪೂರ್ತಿಯಾಗಿ ಕೊನೆಯ ಮೆಟ್ಟಿಲಿನಲ್ಲಿತ್ತು. ನನಗೆ ಅಪಮಾನವೆನಿಸುವುದಕ್ಕೆ ಬದಲು ಸಮಾಧಾನವೇ ಆಯಿತು. ಒಬ್ಬರು ಹಾಸ್ಯ ಹೆಂಗಸರ ಬಳಿ ಇಲ್ಲವೇ ಇಲ್ಲ ಎನ್ನುತ್ತಾರೆ, ಇನ್ನೊಬ್ಬರು ಅವರ ಬಳಿಯೇ ಹೆಚ್ಚು ಎನ್ನುತ್ತಾರೆ. ಹಾಸ್ಯ ದೊಡ್ಡ ಗುಣವೆನಿಸಿದ ಕಡೆ ಅದು ಗಂಡಸಿನದು. ಸಣ್ಣತನವೆನಿಸಿದ ಕಡೆ ಹೆಂಗಸಿನದು. ಸ್ವಭಾವವನ್ನು ನೋಡಿ ಅಳೆದ ಅಳತೆ ಇದಲ್ಲವೆಂದು ನನಗೆ ಆಗ ಅನುಮಾನ ಹುಟ್ಟಿತು.

ಹಾಗೆಂದು ಅಳೆದು ನೋಡಿದವರೇ ಇಲ್ಲವೆಂದಲ್ಲ. ಮನಶ್ಶಾಸ್ತ್ರಜ್ಞರು ಅಳೆದಿದ್ದಾರೆ; ನನ್ನ ಪಕ್ಷಕ್ಕೆ ಅನುಕೂಲವಲ್ಲದ ಫಲವನ್ನೇ ಮೊದಲು ಹೇಳುತ್ತೇನೆ. ಅದುವರೆಗಿನ 28 ಅಧ್ಯಯನಗಳನ್ನು, ಐದು ಸಾವಿರಕ್ಕೂ ಮಿಕ್ಕಿದ ಜನರ ಉತ್ತರಗಳನ್ನು, ಒಟ್ಟುಗೂಡಿಸಿ ಗ್ರೀನ್‌ಗ್ರಾಸ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ತಮಾಷೆಯ ಮಾತನ್ನು ಹೊಸೆಯುವುದರಲ್ಲಿ ಗಂಡಸರೇ ಸ್ವಲ್ಪ ಮುಂದಿದ್ದಾರೆ: ಹೆಂಗಸರ ಸರಾಸರಿಗಿಂತ ಮೇಲಿರುವ ಗಂಡಸರು ನೂರಕ್ಕೆ 63. ಭೇದವೇ ಇಲ್ಲದಿದ್ದರೆ ನೂರಕ್ಕೆ 50 ಇರಬೇಕಿತ್ತು. ಅಂತರವಿದೆ, ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಈ ಅಂತರದಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಅಭ್ಯಾಸದಿಂದ ಬಂದದ್ದೆಷ್ಟು ಎಂಬುದನ್ನು ಆ ಸಂಖ್ಯೆ ಹೇಳಲಾರದು. ಚಿಕ್ಕಂದಿನಿಂದ ಜಗಲಿಯಲ್ಲಿ ನಾಲ್ಕು ಜನರ ಮುಂದೆ ಮಾತಾಡಿ ಪಳಗಿದವನನ್ನೂ “ಹಲ್ಲು ಕಿಸಿಯಬೇಡ” ಎಂಬ ಗದರಿಕೆಯಲ್ಲಿ ಬೆಳೆದವಳನ್ನೂ ಒಂದೇ ಕಾಗದ ಕೊಟ್ಟು ಪರೀಕ್ಷೆಗೆ ಕೂರಿಸಿದರೆ, ಫಲಿತಾಂಶ ಹೀಗೆ ಬಂದುದರಲ್ಲಿ ಆಶ್ಚರ್ಯವೇನು?

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ ಮಿಕ್ಸ್, ಕ್ರಿಸ್ಟನ್‌ಫೆಲ್ಡ್ ಮೊದಲಾದವರು ನಡೆಸಿ 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ. ‘ನ್ಯೂಯಾರ್ಕರ್’ ಪತ್ರಿಕೆಯ ಇಪ್ಪತ್ತು ವ್ಯಂಗ್ಯಚಿತ್ರಗಳನ್ನು 16 ಗಂಡಸರಿಗೂ 16 ಹೆಂಗಸರಿಗೂ ಕೊಟ್ಟು ಅಡಿಬರಹ ಬರೆಯಿಸಿದರು. ಬರೆದವರಾರೆಂದು ತಿಳಿಸದೆ ಬೇರೆಯವರಿಂದ ಅಂಕ ಹಾಕಿಸಿದರು. ಐದು ಅಂಕಗಳಲ್ಲಿ ಗಂಡಸರಿಗೆ ಸಿಕ್ಕಿದ ಮೇಲುಗೈ ಕೇವಲ 0.11. ಪರೀಕ್ಷೆಯಲ್ಲಿ ಇಷ್ಟು ಅಂತರಕ್ಕೆ ಯಾರೂ ಮರುಎಣಿಕೆಗೆ ಅರ್ಜಿ ಹಾಕುವುದಿಲ್ಲ. ಆಮೇಲೆ ಮತ್ತೊಂದು ಪರೀಕ್ಷೆ ಮಾಡಿದರು. ಅಡಿಬರಹಗಳನ್ನು ಬರೆದವರು ಗಂಡೋ ಹೆಣ್ಣೋ ಎಂದು ತಿಳಿಸಿಯೇ ತೋರಿಸಿ, ಸ್ವಲ್ಪ ಹೊತ್ತಿನ ಮೇಲೆ ಯಾವುದು ಯಾರದೆಂದು ಕೇಳಿದರು. ಚೆನ್ನಾಗಿ ನಗಿಸಿದ್ದನ್ನು ಗಂಡಸಿನದೆಂದೂ ಸಪ್ಪೆಯಾದದ್ದನ್ನು ಹೆಂಗಸಿನದೆಂದೂ ಜನ ತಪ್ಪಾಗಿ ನೆನಪಿಟ್ಟುಕೊಂಡಿದ್ದರು. ಗಂಡಸರಷ್ಟೇ ಅಲ್ಲ, ಹೆಂಗಸರೂ. ಇದನ್ನು ಓದಿದ ದಿನ ನನ್ನ ಸಹಪಾಠಿಯ ಮೇಲಿದ್ದ ಕೋಪ ಪೂರಾ ಇಳಿಯಿತು. ಕಥೆ ಅವನ ನೆನಪಿನಲ್ಲಿ ನನ್ನ ಧ್ವನಿಯನ್ನು ಕಳೆದುಕೊಂಡಿತ್ತು, ಅಷ್ಟೆ.

ಆದರೂ ಒಂದು ಪ್ರಶ್ನೆ ಉಳಿಯಿತು. ಕಥೆ ಒಂದೇ, ನನಗೆ ಮೌನ, ಅವನಿಗೆ ನಗೆ. ಏಕೆ? ಇದಕ್ಕೆ ಉತ್ತರ ಬೇಕಾದರೆ ನಗೆಯನ್ನು ಹುಟ್ಟಿಸುವುದು ಯಾವುದೆಂದು ಮೊದಲು ನೋಡಬೇಕು. ತತ್ತ್ವಶಾಸ್ತ್ರದ ಪಠ್ಯದಲ್ಲಿ ನಾವು ಓದುವ ಮಹನೀಯರು ಹಲವರು ಈ ವಿಷಯದಲ್ಲಿ ಕೈಯಾಡಿಸಿದ್ದಾರೆ. ಬೇರೆಯವರಿಗಿಂತ ನಾವು ಮೇಲೆಂದು ಥಟ್ಟನೆ ಹೊಳೆದಾಗ ಉಕ್ಕುವ ಹೆಮ್ಮೆಯೇ ನಗೆಯೆಂದು ಹದಿನೇಳನೆಯ ಶತಮಾನದ ಹಾಬ್ಸ್. ಬಿಗಿಯಾಗಿ ಕಾದ ನಿರೀಕ್ಷೆ ಇದ್ದಕ್ಕಿದ್ದಂತೆ ಏನೂ ಇಲ್ಲವಾಗುವುದರಿಂದ ನಗೆಯೆಂದು 1790ರಲ್ಲಿ ಕಾಂಟ್. ಜೀವಂತ ಮನುಷ್ಯ ಯಂತ್ರದಂತೆ ವರ್ತಿಸಿದಾಗ ನಗೆಯೆಂದು 1900ರಲ್ಲಿ ಫ್ರಾನ್ಸಿನ ಬರ್ಗ್‌ಸನ್. ನಮ್ಮ ತಾತನನ್ನು ಬರ್ಗ್‌ಸನ್ ಕಂಡಿದ್ದರೆ ತನ್ನ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಅವರಿಗೆ ಮೀಸಲಿಡುತ್ತಿದ್ದನೇನೋ! ಗಡಿಯಾರವನ್ನು ಇಟ್ಟುಕೊಂಡ ಮನುಷ್ಯ ಗಡಿಯಾರವೇ ಆಗಿಹೋಗಿ, ಅದು ನಿಂತಾಗ ತಾನೂ ನಿಂತ ಕಥೆ ಅದು.

ಮೂವರೂ ಅಷ್ಟಷ್ಟು ನಿಜ. ಆದರೆ ಹಾಬ್ಸನ ಮಾತನ್ನು ಹಿಡಿದು ನಮ್ಮ ಕಥೆಯ ಒಳಗೆ ಹೊಕ್ಕರೆ ಒಂದು ತೊಡಕು ಎದುರಾಗುತ್ತದೆ. ಯಾರು ಯಾರಿಗಿಂತ ಮೇಲು? ನಗುವವನು ಕಥೆಯ ಒಳಗೆ ಎಲ್ಲಿಯಾದರೂ ನಿಂತುಕೊಂಡು ನಗಬೇಕಲ್ಲ; ಅವನು ಒಲೆಯ ಬಳಿ ನಿಂತಿದ್ದಾನೋ ಆರಾಮಕುರ್ಚಿಯಲ್ಲಿ ಕೂತಿದ್ದಾನೋ? ಅಜ್ಜಿ ಈ ಕಥೆಯನ್ನು ಒಲೆಯ ಬಳಿಯಿಂದ ಹೇಳುತ್ತಿದ್ದರು. ನಾನೂ ಹಾಗೆಯೇ ಹೇಳಿದೆ. ಕೇಳುವವರು ಅಡುಗೆಮನೆಗೆ ಬಂದು, ಆಗಿ ತಣ್ಣಗಾಗುತ್ತಿರುವ ಹುಳಿಯನ್ನು ತಿರುವುತ್ತ, ನಡುಮನೆಯ ಕಡೆ ಕಿವಿಗೊಟ್ಟು ಕಾಯಬೇಕು. ಆಗ ಮಾತ್ರ ಅದು ನಗೆ. ನನ್ನ ಸಹಪಾಠಿ ಮಾಡಿದ್ದು ಬೇರೆ. ಅವನು ಕುರ್ಚಿಯಲ್ಲಿ ಕೂತುಬಿಟ್ಟ. ಹೊಟ್ಟೆ ಗುರ್ರೆನ್ನುವ ಸದ್ದು ಮಾಡಿದ, ಗಡಿಯಾರದ ಕಡೆ ಕತ್ತೆತ್ತಿ ಕತ್ತೆತ್ತಿ ನೋಡಿದ, ಒಳಗಿನಿಂದ ಬರುವ ಧ್ವನಿಯನ್ನು ಕಿರುಚುವ ಹೆಂಡತಿಯ ಧ್ವನಿ ಮಾಡಿದ. ನಮ್ಮ ಅಜ್ಜಿ ಜನ್ಮದಲ್ಲಿ ಕಿರುಚಿದವರಲ್ಲ. ಅವರ ವಿನಯವೇ ಆ ಕಥೆಯ ಜೀವ. ಆದರೆ ಸಭೆಗೆ ಆ ಮೇಷ್ಟ್ರು ಆಪ್ತರಾದರು, ಪಾಪವೆನಿಸಿದರು, ಆದ್ದರಿಂದ ನಕ್ಕಿತು. ಅದು ತಪ್ಪೆಂದು ನಾನು ಹೇಳುವುದಿಲ್ಲ. ತನ್ನನ್ನೇ ನೋಡಿ ನಗುವುದು ಒಳ್ಳೆಯ ನಗೆಯೇ. ನನ್ನ ಮಾತು ಇಷ್ಟೆ: ಅವನು ಹೇಳಿದ್ದು ಬೇರೆ ಕಥೆ.

ಕುರ್ಚಿಯಲ್ಲಿ ಕೂತು ನಗುವುದು ನಮಗೆ, ಎಂದರೆ ವಿದ್ಯಾರ್ಥಿನಿಯರಿಗೆ, ಬಹಳ ಹಿಂದಿನಿಂದ ಅಭ್ಯಾಸವಾಗಿದೆ. ಕೈಲಾಸಂ ನಾಟಕಗಳನ್ನು ಓದುವಾಗ, ಬೀಚಿಯವರ ತಿಮ್ಮನೊಡನೆ ತಿರುಗುವಾಗ, ನರಸಿಂಹರಾಜು ಅವರ ಹಳೆಯ ಚಿತ್ರಗಳನ್ನು ನೋಡುವಾಗ ನಾವು ಗಂಡಸಿನ ಜಾಗದಲ್ಲಿ ನಿಂತು, ಅವನ ಪೇಚಾಟವನ್ನು ನಮ್ಮದೆಂದೇ ತಿಳಿದು ನಗುತ್ತೇವೆ. ಯಾರೂ ಹೇಳಿಕೊಡದೆ ಕಲಿತ ವಿದ್ಯೆ ಇದು. ಲಟ್ಟಣಿಗೆ ಹಿಡಿದ ಹೆಂಡತಿ, ಸೀರೆ ಅಂಗಡಿಯಿಂದ ಏಳದ ಹೆಂಡತಿ, ಮಾತು ನಿಲ್ಲಿಸದ ಹೆಂಡತಿ. ಇವರ ಮೇಲಿನ ನಗೆಹನಿಗಳಿಗೂ ನಮ್ಮ ತಾಯಂದಿರು ಮನಸಾರೆ ನಗುತ್ತಾರೆ. ಆದರೆ ಒಲೆಯ ಬಳಿ ಬಂದು ನಿಲ್ಲುವ ಅಭ್ಯಾಸವನ್ನು ನಮ್ಮ ಸಹೋದರರಿಗೆ ಯಾರೂ ಮಾಡಿಸಿಲ್ಲ. ಅವರಿಗೆ ಅಲ್ಲಿಯ ಬೆಳಕೇ ಹೊಂದುವುದಿಲ್ಲ. ಗಂಡಿನ ಹಾಸ್ಯಕ್ಕೂ ಹೆಣ್ಣಿನ ಹಾಸ್ಯಕ್ಕೂ ಇರುವ ಭೇದವೆಂದು ನನಗೆ ತೋರುವುದು ಇದೇ. ಹೇಳುವವರ ಮಿದುಳಿನಲ್ಲಿ ಅದನ್ನು ಹುಡುಕುವುದಕ್ಕಿಂತ ಕೇಳುವವರ ಕಾಲಿನಲ್ಲಿ, ಎದ್ದು ಇನ್ನೊಂದು ಕೋಣೆಗೆ ಹೋಗುವ ಅಭ್ಯಾಸದಲ್ಲಿ, ಹುಡುಕುವುದು ಮೇಲು.

ಕೇಳುವವರಿಲ್ಲದೆ ಹಾಸ್ಯವೇ ಇಲ್ಲವೆಂಬುದಕ್ಕೆ ಇನ್ನೊಂದು ಆಧಾರವೂ ಸಿಕ್ಕಿತು. ಅಮೆರಿಕದ ರಾಬರ್ಟ್ ಪ್ರೊವಿನ್ ಎಂಬ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಡನೆ ಅಂಗಡಿ ಬೀದಿಗಳಲ್ಲಿ, ಕಾಲೇಜು ಆವರಣಗಳಲ್ಲಿ ಕದ್ದು ಕೇಳಿ 1,200 ನಗೆಗಳನ್ನು ಬರೆದುಕೊಂಡರು. ನಗೆಯ ಹಿಂದಿನ ಮಾತುಗಳಲ್ಲಿ ನಿಜವಾಗಿ ತಮಾಷೆಯಾಗಿದ್ದವು ನೂರಕ್ಕೆ ಇಪ್ಪತ್ತೂ ಇರಲಿಲ್ಲ. ಮಿಕ್ಕವೆಲ್ಲ ‘ಆಮೇಲೆ ಸಿಗೋಣ’ ಎಂಬಂಥ ಮಾತುಗಳು. ಹೆಣ್ಣು ಗಂಡಿನೊಡನೆ ಮಾತಾಡುವಾಗ ಅವಳು ನಗುವುದೇ ಅವನಿಗಿಂತ ಬಹಳ ಹೆಚ್ಚು, ತಾನೇ ಮಾತಾಡುತ್ತಿದ್ದಾಗಲೂ. ನನ್ನ ಭಾಷಣವನ್ನು ಗೆಳತಿಯೊಬ್ಬಳು ಮೊಬೈಲಿನಲ್ಲಿ ಹಿಡಿದಿದ್ದಳು. ಅದನ್ನು ಈಚೆಗೆ ನೋಡಿದೆ. ಏಳು ನಿಮಿಷದಲ್ಲಿ ನಾನೇ ಹದಿನಾಲ್ಕು ಸಲ ನಕ್ಕಿದ್ದೇನೆ, ಕ್ಷಮೆ ಕೇಳುವವಳಂತೆ. ಅಜ್ಜಿ ಒಂದು ಸಲವೂ ನಗದೆ ಹೇಳುತ್ತಿದ್ದರು. ಈ ದೋಷವನ್ನು ಮಾತ್ರ ನಾನು ಯಾರ ಮೇಲೂ ಹೊರಿಸುವಂತಿಲ್ಲ.

2006ರಲ್ಲಿ ಬ್ರೆಸ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದನ್ನು ವಧೂವರರ ಜಾಹೀರಾತು ಓದುವವರೆಲ್ಲ ಗಮನಿಸಬೇಕು. ‘ಹಾಸ್ಯಪ್ರಜ್ಞೆಯುಳ್ಳ ಸಂಗಾತಿ ಬೇಕು’ ಎಂದು ಗಂಡೂ ಹೇಳುತ್ತಾನೆ, ಹೆಣ್ಣೂ ಹೇಳುತ್ತಾಳೆ. ಹೆಣ್ಣಿಗೆ ಬೇಕಾದದ್ದು ತನ್ನನ್ನು ನಗಿಸುವವನು. ಗಂಡಿಗೆ ಬೇಕಾದದ್ದು ತನ್ನ ಮಾತಿಗೆ ನಗುವವಳು. ಒಂದೇ ಪದದ ಕೆಳಗೆ ಎರಡು ಅರ್ಜಿ!

ನಮ್ಮ ಹೆಂಗಸರು ನಗಿಸಲೇ ಇಲ್ಲವೆಂದು ಯಾರಾದರೂ ತಿಳಿದಿದ್ದರೆ ಅವರು ಹಳೆಯ ಕಾಲದ ಮದುವೆಯನ್ನು ನೋಡಿದವರಲ್ಲ. ಬೀಗರ ಹಾಡು ನಮ್ಮ ನಾಡಿನ ಮೂಲೆಮೂಲೆಯಲ್ಲೂ ಇದ್ದದ್ದು. ಬೀಗರು ಪಂಕ್ತಿಯಲ್ಲಿ ಕೂತಿರುವಾಗ ಹೆಣ್ಣಿನ ಕಡೆಯ ಹೆಂಗಸರು ಬೀಗರ ಹೊಟ್ಟೆ, ಬೀಗಿತ್ತಿಯ ಆಸೆ, ವರನ ಮೂಗು ಒಂದನ್ನೂ ಬಿಡದೆ ಹಾಡಿನಲ್ಲಿ ಹರಾಜು ಹಾಕುವರು. ಮೀಸೆ ಹೊತ್ತ ಹಿರಿಯರು ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತ ನಗಲೇಬೇಕು. ಸಿಟ್ಟಾದವನು ಮತ್ತಷ್ಟು ಹಾಡಿಸಿಕೊಳ್ಳುವನು. ನಮ್ಮ ಅಜ್ಜಿ ಈ ವಿದ್ಯೆಯಲ್ಲಿ ಮೂರು ಊರಿಗೆ ಹೆಸರಾದವರಂತೆ. ಆ ಸ್ಥಳದಲ್ಲೇ ಕಟ್ಟಿ ಹಾಡುತ್ತಿದ್ದರಂತೆ. ನಮ್ಮ ಹಾಸ್ಟೆಲಿನ ಕೋಣೆಯಲ್ಲಿ ರಾಣೆಬೆನ್ನೂರಿನ ಕಡೆಯ ಗೆಳತಿಯೊಬ್ಬಳಿದ್ದಾಳೆ. ಅವರ ಕಡೆ ಒಡಪು ಹೇಳುವ ಪದ್ಧತಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದವಳು ಪ್ರಾಸ ಕಟ್ಟಿ, ನಾಲ್ಕು ಜನರನ್ನು ನಗಿಸಿ, ಕೊನೆಗೆ ಆ ಹೆಸರನ್ನು ಜಾರಿಸಿಬಿಡುತ್ತಾಳೆ. ಅವಳ ತಾಯಿಗೆ ಐವತ್ತಕ್ಕೆ ಮಿಕ್ಕಿ ಬರುತ್ತವಂತೆ; ಅವುಗಳಲ್ಲಿ ತಂದೆಯವರು ಕೇಳಿರುವುದು ನಾಲ್ಕೈದು ಮಾತ್ರ. ಮದುವೆಯ ಪಂಕ್ತಿ, ಸೀಮಂತ, ಆರತಿಯ ಹೊತ್ತು ಇವೆಲ್ಲ ಅಪ್ಪಣೆ ದೊರೆತ ವೇಳೆಗಳು. ಹೊತ್ತು ಮುಗಿದ ಮೇಲೆ ಅದೇ ಹೆಂಗಸು ಸೆರಗು ಹೊದೆದು ಮೌನಿಯಾಗಬೇಕು. ಪ್ರತಿಭೆಯಿತ್ತು, ಅದಕ್ಕೆ ವೇಳಾಪಟ್ಟಿಯೂ ಇತ್ತು.

ಅಚ್ಚಿನ ಲೋಕಕ್ಕೆ ಬಂದರೆ, ಕನ್ನಡದಲ್ಲಿ ಹಾಸ್ಯಕ್ಕೆಂದೇ ಮೀಸಲಾಗಿ ಹೆಸರು ಮಾಡಿದ ಮಾಸಪತ್ರಿಕೆ ‘ಕೊರವಂಜಿ’. ವೈದ್ಯರಾದ ರಾಶಿಯವರು 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದರು. ಕೊರವಂಜಿಯೆಂದರೆ ಮನೆಮನೆಯ ಬಾಗಿಲಿಗೆ ಬಂದು, ಕೈ ನೋಡಿ, ಇದ್ದದ್ದನ್ನು ಇದ್ದಂತೆ ಹೇಳಿ ನಗಿಸುವ ಹೆಣ್ಣು. ಪತ್ರಿಕೆಯ ಹೆಸರು ಹೆಣ್ಣು, ಬರೆಯುವವರು ಬಹುಮಟ್ಟಿಗೆ ಗಂಡಸರು. ಆದರೂ ಟಿ. ಸುನಂದಮ್ಮನವರು ಬೆಳಕಿಗೆ ಬಂದದ್ದು ಅದೇ ಪತ್ರಿಕೆಯ ಮೂಲಕ. ಅವರನ್ನು ಬರೆಯಲು ಬಿಟ್ಟ ರಾಶಿಯವರಿಗೆ ಅದರ ಶ್ರೇಯಸ್ಸು ಸಲ್ಲಬೇಕು. ಸುನಂದಮ್ಮನವರ ವಸ್ತು ಮನೆ, ನೆರೆಹೊರೆ, ಸಂಸಾರದ ಸಣ್ಣ ಸಣ್ಣ ಪೇಚುಗಳು. ಅವರು ಲಟ್ಟಣಿಗೆಯನ್ನು ಯಾರ ತಲೆಗೂ ಹೊಡೆಯದೆ ಚಪಾತಿ ಲಟ್ಟಿಸುವುದಕ್ಕೆ ಮಾತ್ರ ಬಳಸಿ ನಗಿಸಿದವರು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದಾಗ ಮೊದಲ ಅಧ್ಯಕ್ಷೆಯಾಗಿ ಆರಿಸಲ್ಪಟ್ಟವರು ಈ ಹಾಸ್ಯಲೇಖಕಿಯೇ. ಅವರು 2006ರಲ್ಲಿ ತೀರಿಕೊಂಡರು. ನುಗ್ಗೇಹಳ್ಳಿ ಪಂಕಜ, ಭುವನೇಶ್ವರಿ ಹೆಗಡೆ ಮೊದಲಾದವರೂ ಇದೇ ದಾರಿಯಲ್ಲಿ ನಗಿಸಿದವರು. ಇಷ್ಟಾಗಿ, ನಮ್ಮ ತರಗತಿಯಲ್ಲಿ ‘ಕನ್ನಡದ ಹಾಸ್ಯ ಲೇಖಕರನ್ನು ಕುರಿತು ಬರೆಯಿರಿ’ ಎಂಬ ಪ್ರಶ್ನೆಗೆ ಈ ಹೆಸರುಗಳನ್ನು ಬರೆದವರು ಎಷ್ಟು ಮಂದಿಯೆಂದು ಕೇಳಿ ನೋಡಿದೆ. ಕೈಯೆತ್ತಿದವರು ಇಬ್ಬರು. ನಾನು ಎತ್ತಲಿಲ್ಲ, ನಾನೂ ಬರೆದಿರಲಿಲ್ಲ.

ಅಜ್ಜಿ ಹೋಗಿ ಎರಡು ವರ್ಷವಾಯಿತು. ಈ ಲೇಖನಕ್ಕೆಂದು ಬೇಸಗೆ ರಜೆಯಲ್ಲಿ ನಮ್ಮ ತಂದೆಯವರನ್ನು, “ಅಜ್ಜಿ ಹೇಳುತ್ತಿದ್ದ ತಮಾಷೆಗಳಲ್ಲಿ ನಿಮಗೆ ಯಾವುದು ನೆನಪಿದೆ?” ಎಂದು ಕೇಳಿದೆ. ಅವರು ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. “ಅಮ್ಮ ತಮಾಷೆ ಮಾಡುತ್ತಿದ್ದಳೆ? ಅವಳು ತುಂಬ ಗಂಭೀರ ಸ್ವಭಾವದವಳು” ಎಂದರು. ಐವತ್ತು ವರ್ಷ ಒಂದೇ ಸೂರಿನ ಕೆಳಗೆ ಇದ್ದ ಮಗ! ಗಡಿಯಾರ ನಿಂತ ಆ ಭಾನುವಾರ ಹಿತ್ತಲ ಕಟ್ಟೆಯ ಮೇಲೆ ಉಂಡ ಮಕ್ಕಳಲ್ಲಿ ಅವರೂ ಒಬ್ಬರು. ಅಂದು ಬೇಗ ಊಟ ಸಿಕ್ಕಿತೆಂದಷ್ಟೇ ಅವರಿಗೆ ನೆನಪು. ನಾನು ಕಥೆಯನ್ನು ಪೂರ್ತಿ ಹೇಳಿದೆ, ಒಂದು ಸಲವೂ ನಗದೆ, ಅಜ್ಜಿ ಹೇಳುತ್ತಿದ್ದಂತೆಯೇ, ಒಲೆಯ ಕಡೆಯಿಂದ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವಳು ಬೇಕೆಂದೇ ಮಾಡಿದಳೆ?” ಎಂದರು. ರಾತ್ರಿ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ಅನ್ನ ನೆತ್ತಿಗೇರುವಂತೆ ನಕ್ಕರು. ಅಮ್ಮ ಗಾಬರಿಯಾಗಿ ನೀರು ಕೊಟ್ಟಳು.

ಅತ್ತೆಯೂ ಚಿಕ್ಕಮ್ಮನೂ ನೆನಪು ಮಾಡಿಕೊಂಡು ಹೇಳಿದ್ದನ್ನೆಲ್ಲ ನಾನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಅಜ್ಜಿಯ ಮಾತುಗಳು, ಬೀಗರ ಹಾಡಿನ ಚೂರುಗಳು ಎಲ್ಲ ಸೇರಿ ಇದುವರೆಗೆ ಇಪ್ಪತ್ತಮೂರು ಆಗಿವೆ. ಅವುಗಳಲ್ಲಿ ಐದನ್ನು ನಮ್ಮ ಸಂಪಾದಕರು ಈ ಸಂಚಿಕೆಯಲ್ಲಿ ಅಚ್ಚುಹಾಕಲು ಖಂಡಿತ ಒಪ್ಪುವುದಿಲ್ಲ. ಈ ವರ್ಷದ ವಿನೋದ ಭಾಷಣ ಸ್ಪರ್ಧೆಗೆ ಹೆಸರು ಕೊಡಲು ಕೊನೆಯ ದಿನ ಮುಂದಿನ ಶನಿವಾರವೆಂದು ಸೂಚನಾ ಫಲಕದಲ್ಲಿ ಹಾಕಿದ್ದಾರೆ. ನನ್ನದನ್ನು ಕೊಟ್ಟಿದ್ದೇನೆ, ರಾಣೆಬೆನ್ನೂರಿನ ಗೆಳತಿಯೂ ಕೊಟ್ಟಿದ್ದಾಳೆ.